ಹರೆಯದ ಹುಡುಗರ ಎದೆಯ ಗಂಟು

ಸೇಡಂ, ಚಿತ್ತಾಪುರ ಸೀಮೆಯಲ್ಲಿ ಕಾಗಿಣಾ ಹೊಳೆಗೆ ಈಜಲು ಹೋದ ಹುಡುಗರಲ್ಲಿ 13-14 ವಯಸ್ಸಿನವನೊಬ್ಬನು ಅಂಗಿ ಬಿಚ್ಚಲೊಲ್ಲದೆ ದಡದಲ್ಲೇ ಕುಳಿತಿರುವುದುಂಟು. ಅವನ ಮೊಲೆತೊಟ್ಟಿನ ಹಿಂದೆ ಗುಂಡಿಯಷ್ಟು ಅಗಲದ ಗಟ್ಟಿ ಗಂಟು ಎದ್ದಿರುತ್ತದೆ, ಮುಟ್ಟಿದರೆ ನೋವು. ತಾನು ಹೆಣ್ಣಾಗುತ್ತಿರುವೆನೋ ಎಂಬ ಭಯವನ್ನು ಅವನು ಯಾರೊಡನೆಯೂ ಆಡಲಾರನು.

ಆ ಭಯಕ್ಕೆ ಆಧಾರವಿಲ್ಲ. ಗಂಡಿನ ದೇಹದಲ್ಲಿ ಟೆಸ್ಟೊಸ್ಟಿರೋನಿನೊಡನೆ ಸ್ವಲ್ಪ ಈಸ್ಟ್ರೊಜೆನ್ ಸದಾ ಇರುತ್ತದೆ. ಅರೊಮಟೇಸ್ ಎಂಬ ಕಿಣ್ವವು ಮೊದಲನೆಯದರ ಒಂದಂಶವನ್ನು ಎರಡನೆಯದಾಗಿ ಮಾರ್ಪಡಿಸುತ್ತದೆ. ಕೊಬ್ಬು ಹೆಚ್ಚಿದಷ್ಟೂ ಈ ಕಾರ್ಯ ಹೆಚ್ಚು. ಹರೆಯದಲ್ಲಿ ಎರಡೂ ಏರುತ್ತಿರುವಾಗ ಕೆಲಕಾಲ ಈಸ್ಟ್ರೊಜೆನ್ನಿನ ಪಾಲು ಮೇಲಾಗುವುದು. ಭೌತಶಾಸ್ತ್ರದವರಾದ ನಮಗೆ ಇದು ತಕ್ಕಡಿಯ ವ್ಯವಹಾರವೆಂದೇ ತೋರುತ್ತದೆ: ಎರಡು ತಟ್ಟೆಗಳಲ್ಲಿಯೂ ಭಾರ ಹೆಚ್ಚುತ್ತಿದ್ದರೂ ಮುಳ್ಳು ವಾಲುವುದು ವ್ಯತ್ಯಾಸದಿಂದಲೇ.

ಸುಮಾರು ಅರ್ಧದಷ್ಟು ಹುಡುಗರಿಗೆ ಹೀಗಾಗುತ್ತದೆ. ಹೆಚ್ಚಿನವರಲ್ಲಿ 6 ತಿಂಗಳಿನಿಂದ 2 ವರ್ಷಗಳೊಳಗೆ ತಾನಾಗಿಯೇ ಇಳಿಯುತ್ತದೆ. ವೈದ್ಯರು ಇದನ್ನು ಗೈನೆಕೊಮಾಸ್ಟಿಯ ಎನ್ನುವರು. ಈ ಗ್ರೀಕ್ ಹೆಸರಿನಿಂದ ಹುಡುಗನನ್ನು ಇನ್ನಷ್ಟು ಹೆದರಿಸಬೇಕಾಗಿಲ್ಲ! ಗಂಟನ್ನು ಹಿಸುಕಬಾರದು, ಜಾಹೀರಾತಿನ ಲೇಪಗಳನ್ನು ನಂಬಬಾರದು. 2 ವರ್ಷ ದಾಟಿದರೂ ಉಳಿದರೆ, ತೊಟ್ಟಿನಿಂದ ಸ್ರಾವ ಬಂದರೆ, ಯಾವುದಾದರೂ ಔಷಧ ಸೇವಿಸತೊಡಗಿದ ಮೇಲೆ ಕಾಣಿಸಿಕೊಂಡರೆ, ಇಲ್ಲವೆ ವೃಷಣದಲ್ಲಿ ಗಡ್ಡೆ ಕೈಗೆ ಸಿಕ್ಕರೆ ಮಾತ್ರ ತಡಮಾಡದೆ ತಾಲ್ಲೂಕು ಆಸ್ಪತ್ರೆಯ ವೈದ್ಯರಿಗೆ ತೋರಿಸತಕ್ಕದ್ದು.