ತಿಂಗಳ ಲೆಕ್ಕ, ವರ್ಷದ ಖರ್ಚು, ತೀರದ ಸಾಲ

ಸಂಬಳ ನಂಬಿದ ಕುಟುಂಬದ ಸಾಲ ಒಂದೇ ಕಡೆ ಇರುವುದು ಅಪರೂಪ. ಬ್ಯಾಂಕಿನಲ್ಲೊಂದು ಪರ್ಸನಲ್ ಲೋನ್, ಕ್ರೆಡಿಟ್ ಕಾರ್ಡಿನಲ್ಲಿ ಒಂದಿಷ್ಟು ಬಾಕಿ, ಅಡವಿಟ್ಟ ಬಳೆ, ಮಹಿಳಾ ಸಂಘದ ವಾರದ ಕಂತು, ಮೊಬೈಲ್ ಅಂಗಡಿಯ ಇಎಂಐ, ಭಾವನ ಹತ್ತಿರ ತಂದ ಕೈಗಡ, ಹೀಗೆ ಹರಿದು ಹಂಚಿಹೋಗಿರುತ್ತದೆ. ಒಟ್ಟು ಎಷ್ಟಾಯಿತು ಎಂದು ಕೇಳಿದರೆ ಮನೆಯಲ್ಲಿ ಯಾರಿಗೂ ಸರಿಯಾಗಿ ಹೇಳಲು ಬರುವುದಿಲ್ಲ. ಹೆಂಡತಿ ಸಂಘದಲ್ಲಿ ಎತ್ತಿದ್ದು ಗಂಡನಿಗೆ ಗೊತ್ತಿರುವುದಿಲ್ಲ, ಗಂಡ ಕಾರ್ಡಿನಲ್ಲಿ ಉಜ್ಜಿದ್ದು ಹೆಂಡತಿಗೆ ಗೊತ್ತಿರುವುದಿಲ್ಲ. ಆದ್ದರಿಂದ ಸಾಲ ತೀರಿಸುವ ಕೆಲಸ ಶುರುವಾಗುವುದು ಇಬ್ಬರೂ ಕೂತು ಒಂದೇ ಹಾಳೆಯಲ್ಲಿ ಎಲ್ಲವನ್ನೂ ಬರೆಯುವುದರಿಂದ: ಉಳಿದ ಅಸಲು, ವರ್ಷದ ಬಡ್ಡಿ ದರ, ತಿಂಗಳ ಕಂತು, ಮುಗಿಯುವ ತಿಂಗಳು.

ಈ ನಾಲ್ಕರಲ್ಲಿ ತುಂಬಲು ಕಷ್ಟವಾಗುವುದು ಬಡ್ಡಿಯ ಕಲಂ. ಊರಿನ ಲೇವಾದೇವಿಯವರು ‘ನೂರಕ್ಕೆ ಮೂರು’ ಎನ್ನುತ್ತಾರೆ. ಅದು ತಿಂಗಳ ಲೆಕ್ಕ, ವರ್ಷಕ್ಕೆ ಶೇ 36. ಕಾರ್ಡ್ ಕಂಪನಿಯೂ ಶೇ 3.5 ಎಂದು ತಿಂಗಳ ದರವನ್ನೇ ಮುಂದೆ ಮಾಡುತ್ತದೆ, ಅದು ವರ್ಷಕ್ಕೆ ಶೇ 42. ಕೆಲವು ಫೈನಾನ್ಸ್‌ಗಳು ಹೇಳುವ ‘ಫ್ಲಾಟ್’ ದರ ಇನ್ನೂ ಮೋಸದ್ದು. ಒಂದು ಲಕ್ಷ ರೂಪಾಯಿಗೆ ಶೇ 12ರ ಫ್ಲಾಟ್ ದರದಲ್ಲಿ ಮೂರು ವರ್ಷಕ್ಕೆ 36,000 ಬಡ್ಡಿ, ಅಂದರೆ ತಿಂಗಳಿಗೆ ಸುಮಾರು 3,778 ರೂಪಾಯಿ ಕಂತು. ಅಸಲು ತಿಂಗಳು ತಿಂಗಳು ಕರಗುತ್ತಿದ್ದರೂ ಪೂರ್ತಿ ಲಕ್ಷಕ್ಕೆ ಬಡ್ಡಿ ಕಟ್ಟಬೇಕಾದ್ದರಿಂದ ನಿಜವಾದ ದರ ಶೇ 21 ದಾಟುತ್ತದೆ. ಬ್ಯಾಂಕು ಹಾಗೂ ಎನ್‌ಬಿಎಫ್‌ಸಿಗಳು ಎಲ್ಲ ವೆಚ್ಚ ಸೇರಿಸಿದ ವಾರ್ಷಿಕ ದರವನ್ನು ಒಂದು ವಿವರ ಪತ್ರದಲ್ಲಿ ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದು ಕೊಡಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ 2024ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಸಹಿ ಹಾಕುವ ಮೊದಲು ಆ ಪತ್ರ ಕೇಳಿ ಪಡೆಯುವವರು ಇನ್ನೂ ಕಡಿಮೆ.

ಹಾಳೆಯ ಮೇಲೆ ಬಹುಪಾಲು ಮನೆಗಳಲ್ಲಿ ಅತಿ ದುಬಾರಿಯಾಗಿ ಕಾಣುವುದು ಕಾರ್ಡಿನ ಬಾಕಿ. ಪೂರ್ತಿ ಬಿಲ್ಲು ಕಟ್ಟುವವರೆಗೆ ಕಾರ್ಡು ಬಡ್ಡಿಯಿಲ್ಲದ ಸಾಲ. ಸ್ವಲ್ಪ ಉಳಿಸಿಕೊಂಡರೂ ಖರೀದಿಯ ದಿನದಿಂದಲೇ ಬಡ್ಡಿ ಬೀಳುತ್ತದೆ, ಹೊಸ ಖರೀದಿಗೂ ರಿಯಾಯಿತಿಯ ದಿನಗಳು ಸಿಗುವುದಿಲ್ಲ. ಬಿಲ್ಲಿನಲ್ಲಿ ಎದ್ದು ಕಾಣುವ ‘ಕನಿಷ್ಠ ಮೊತ್ತ’ ಸಾಮಾನ್ಯವಾಗಿ ಬಾಕಿಯ ಶೇ 5ರ ಆಸುಪಾಸು. 60,000 ಬಾಕಿಯಿದ್ದರೆ 3,000 ಕಟ್ಟಬೇಕು. ಅದರಲ್ಲಿ 2,100 ಬಡ್ಡಿಗೆ, ಆ ಬಡ್ಡಿಯ ಮೇಲಿನ ಶೇ 18 ಜಿಎಸ್‌ಟಿಗೆ 378 ಹೋಗಿ, ಅಸಲಿಗೆ ಜಮೆಯಾಗುವುದು 522 ರೂಪಾಯಿ ಮಾತ್ರ. ಕನಿಷ್ಠ ಮೊತ್ತ ಕಟ್ಟಿದವರಿಗೆ ದಂಡ ತಪ್ಪುತ್ತದೆ, ಸಾಲ ಹಾಗೇ ಇರುತ್ತದೆ. ಕಾರ್ಡಿಗೆ ಶೇ 30ಕ್ಕಿಂತ ಹೆಚ್ಚು ಬಡ್ಡಿ ಹಾಕುವುದು ಅನ್ಯಾಯದ ವ್ಯಾಪಾರ ಪದ್ಧತಿ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಆ ಆದೇಶವನ್ನು ರದ್ದು ಮಾಡಿದ್ದರಿಂದ ಈಗ ಅಂಥ ಮಿತಿಯಿಲ್ಲ.

ಇಷ್ಟು ತಿಳಿದವರೂ ಸಾಲದಿಂದ ಹೊರಬರಲಾಗದೆ ಒದ್ದಾಡುವುದಕ್ಕೆ ಕಾರಣ ಬಡ್ಡಿಯೊಂದೇ ಆಗಿರುವುದಿಲ್ಲ. ಮನೆಯ ಬಜೆಟ್ಟನ್ನು ತಿಂಗಳ ಲೆಕ್ಕದಲ್ಲಿ ಹಾಕುತ್ತಾರೆ, ಆದರೆ ಸಂಸಾರ ಖರ್ಚು ಮಾಡುವುದು ವರ್ಷದ ಲೆಕ್ಕದಲ್ಲಿ. ಮೇ-ಜೂನ್‌ನಲ್ಲಿ ಶಾಲೆಯ ಫೀಜು, ಪುಸ್ತಕ, ಸಮವಸ್ತ್ರ. ಆಮೇಲೆ ಗೌರಿ-ಗಣೇಶ, ದಸರಾ, ದೀಪಾವಳಿ. ನಡುವೆ ಎಲ್‌ಐಸಿ ಪ್ರೀಮಿಯಂ, ಬೈಕಿನ ವಿಮೆ. ಬೇಸಿಗೆಯಲ್ಲಿ ಸಾಲುಸಾಲು ಮದುವೆ, ಊರ ಜಾತ್ರೆ. ಇವು ಯಾವುವೂ ಹೇಳದೆ ಬರುವ ಖರ್ಚುಗಳಲ್ಲ. ಆದರೂ ಪ್ರತಿ ವರ್ಷ ಅನಿರೀಕ್ಷಿತವೆಂಬಂತೆ ಎದುರಾಗುತ್ತವೆ, ಆಗ ಕೈ ಕಾರ್ಡಿನ ಕಡೆಗೋ ಚಿನ್ನದ ಕಡೆಗೋ ಹೋಗುತ್ತದೆ.

ತುಮಕೂರಿನಂಥ ಊರಿನ ಒಂದು ಕಲ್ಪಿತ ಮನೆಯ ಲೆಕ್ಕದಲ್ಲಿ ಇದು ಸ್ಪಷ್ಟವಾಗುತ್ತದೆ. ಗಂಡನ ಕಾರ್ಖಾನೆ ಸಂಬಳ, ಹೆಂಡತಿಯ ಹೊಲಿಗೆ ಸೇರಿ ಕೈಗೆ ಬರುವುದು 48,000. ಬಾಡಿಗೆ 9,000; ದಿನಸಿ, ಹಾಲು, ತರಕಾರಿ, ಗ್ಯಾಸ್ 11,000; ಪೆಟ್ರೋಲ್, ಕರೆಂಟು, ಮೊಬೈಲ್ 4,500; ಅಪ್ಪ-ಅಮ್ಮನ ಔಷಧಿ 1,500. ಸಾಲದ ಕಡೆ, ನಾಲ್ಕು ವರ್ಷದ ಅವಧಿಗೆ ಶೇ 15ರಲ್ಲಿ ಈಗಷ್ಟೇ ಎತ್ತಿದ ಮೂರು ಲಕ್ಷದ ಪರ್ಸನಲ್ ಲೋನಿನ ಕಂತು 8,349. ಕಾರ್ಡಿನ 60,000 ಬಾಕಿಗೆ ಕನಿಷ್ಠ ಮೊತ್ತ 3,000. ಚಿನ್ನದ ಮೇಲಿನ ಒಂದೂವರೆ ಲಕ್ಷಕ್ಕೆ ಶೇ 10ರಂತೆ ಬಡ್ಡಿ 1,250. ಎಲ್ಲ ಸೇರಿ 38,599. ಕಾಗದದ ಮೇಲೆ ತಿಂಗಳಿಗೆ 9,400 ರೂಪಾಯಿ ಉಳಿಯಬೇಕು. ಉಳಿಯುವುದಿಲ್ಲ. ಏಕೆಂದರೆ ಇಬ್ಬರು ಮಕ್ಕಳ ಫೀಜು-ಪುಸ್ತಕಕ್ಕೆ 50,000, ಹಬ್ಬ ಮತ್ತು ಬಟ್ಟೆಗೆ 18,000, ವಿಮೆಗಳಿಗೆ 16,000, ಮದುವೆಯ ಮುಯ್ಯಿ, ಜಾತ್ರೆ, ಊರಿಗೆ ಹೋಗಿಬರುವುದಕ್ಕೆ 12,000 ಎಂದರೆ ವರ್ಷಕ್ಕೆ 96,000. ಅದನ್ನು ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 8,000. ಈ ಮನೆಗೆ ನಿಜವಾಗಿ ಉಳಿಯುವುದು 1,400.

ಈ ಭಾಗಾಕಾರ ಮಾಡದೆ, ಒಂಬತ್ತು ಸಾವಿರ ಉಳಿಯುತ್ತದೆಂದು ನಂಬಿ ಅಷ್ಟನ್ನೂ ಸಾಲಕ್ಕೆ ಸುರಿದರೆ ಜೂನ್‌ನಲ್ಲಿ ಫೀಜು ಕಟ್ಟಲು ಮತ್ತೆ ಕಾರ್ಡೇ ಗತಿ. ಜನವರಿಯಿಂದ ಮೇವರೆಗೆ ಇಳಿದ ಬಾಕಿ ಒಂದೇ ವಾರದಲ್ಲಿ ಮೇಲೇರುತ್ತದೆ. ಆದ್ದರಿಂದ ಆ 8,000ವನ್ನು ಸಂಬಳ ಬಂದ ದಿನವೇ ಬೇರೆ ಖಾತೆಗೆ ಹಾಕುವುದು ಸಾಲ ತೀರಿಸುವ ಯೋಜನೆಯ ಮೊದಲ ಭಾಗ. ಅಂಚೆ ಕಚೇರಿಯ ಅಥವಾ ಬ್ಯಾಂಕಿನ ಆರ್‌ಡಿ ಸಾಕು. ಎಟಿಎಂ ಕಾರ್ಡ್ ಪಡೆಯದ ಇನ್ನೊಂದು ಉಳಿತಾಯ ಖಾತೆಯಾದರೂ ಆದೀತು.

ಉಳಿದ 1,400ರಲ್ಲಿ ಸಾಲ ತೀರಿಸುವುದು ಹೇಗೆ ಎಂಬುದು ಮುಂದಿನ ಪ್ರಶ್ನೆ. ದುಬಾರಿ ಸಾಲವನ್ನು ಅಗ್ಗದ ಸಾಲಕ್ಕೆ ಬದಲಿಸಿಕೊಳ್ಳುವುದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಅಡವಿಟ್ಟ ಚಿನ್ನದ ಮೇಲೆಯೇ ಇನ್ನೂ 60,000 ಸಿಗುವಂತಿದ್ದರೆ ಅದನ್ನು ತಂದು ಕಾರ್ಡನ್ನು ಪೂರ್ತಿ ಚುಕ್ತಾ ಮಾಡಬಹುದು. ತಿಂಗಳಿಗೆ 3,000 ಹೋಗುತ್ತಿದ್ದಲ್ಲಿ 500 ಬಡ್ಡಿ ಮಾತ್ರ ಹೋಗುತ್ತದೆ, 2,500 ಕೈಗೆ ಸಿಗುತ್ತದೆ. ಖರ್ಚಿನಲ್ಲಿ 1,600 ಹಿಡಿದರೆ ಒಟ್ಟು 5,500 ರೂಪಾಯಿ ಅಸಲಿಗೆ ಕಟ್ಟಲು ಸಿದ್ಧ. ಈ ಏರ್ಪಾಡಿಗೆ ಒಂದೇ ಷರತ್ತು: ಕಾರ್ಡನ್ನು ಮತ್ತೆ ಮುಟ್ಟಬಾರದು. ಬಾಕಿ ತೀರಿಸಿ ಖಾಲಿಯಾದ ಕಾರ್ಡು ಆರು ತಿಂಗಳಲ್ಲಿ ಮತ್ತೆ ತುಂಬಿದರೆ ಚಿನ್ನವೂ ಹೋಯಿತು, ಬಾಕಿಯೂ ಉಳಿಯಿತು.

ಬ್ಯಾಂಕಿನಲ್ಲಿ ಠೇವಣಿ ಇಟ್ಟುಕೊಂಡು ಕಾರ್ಡಿನ ಬಾಕಿ ಎಳೆಯುವವರೂ ಇದ್ದಾರೆ. ಒಂದು ಲಕ್ಷದ ಎಫ್‌ಡಿ ಶೇ 7ರಲ್ಲಿ ವರ್ಷಕ್ಕೆ 7,000 ತಂದರೆ, ಅಷ್ಟೇ ಮೊತ್ತದ ಕಾರ್ಡ್ ಬಾಕಿ ಅದೇ ವರ್ಷದಲ್ಲಿ 42,000 ನುಂಗುತ್ತದೆ. ಠೇವಣಿ ಮುರಿಯಲು ಮನಸ್ಸು ಬಾರದಿರುವುದು ಸಹಜ, ಲೆಕ್ಕ ಮಾತ್ರ ಮುರಿಯಿರಿ ಎನ್ನುತ್ತದೆ.

ಕಾರ್ಡು ಮುಗಿದ ಮೇಲೆ ಯಾವ ಸಾಲ ಮೊದಲು? ಪುಸ್ತಕದ ಉತ್ತರ, ಹೆಚ್ಚು ಬಡ್ಡಿಯದ್ದು. ಮೇಲಿನ ಮನೆಯ ಲೆಕ್ಕದಲ್ಲಿ ಹೆಚ್ಚುವರಿ 5,500ವನ್ನು ಶೇ 15ರ ಪರ್ಸನಲ್ ಲೋನಿಗೆ ಕಟ್ಟುತ್ತ ಹೋದರೆ ಅದು 48 ತಿಂಗಳ ಬದಲು ಸುಮಾರು 26 ತಿಂಗಳಲ್ಲಿ ಮುಗಿಯುತ್ತದೆ. ಆಮೇಲೆ ಕಂತು ಪೂರ್ತಿಯಾಗಿ ಚಿನ್ನದ ಸಾಲದ ಕಡೆ ತಿರುಗಿ, ಒಟ್ಟು 40 ತಿಂಗಳಲ್ಲಿ ಮನೆ ಸಾಲಮುಕ್ತವಾಗುತ್ತದೆ. ಹಾಗಲ್ಲದೆ ಚಿನ್ನ ಬಿಡಿಸಿಕೊಂಡು ಆಮೇಲೆ ಲೋನಿಗೆ ಕೈಹಾಕಿದರೆ 41 ತಿಂಗಳು. ವ್ಯತ್ಯಾಸ ಹೆಚ್ಚೆಂದರೆ ಒಂದೆರಡು ತಿಂಗಳು. ನಿಗದಿತ ದರದ ಪರ್ಸನಲ್ ಲೋನನ್ನು ಅವಧಿಗೆ ಮೊದಲೇ ತೀರಿಸಿದರೆ ಬ್ಯಾಂಕು ಶುಲ್ಕ ಹಾಕಬಹುದು (ಬದಲಾಗುವ ದರದ ವೈಯಕ್ತಿಕ ಸಾಲಕ್ಕೆ ಹಾಗೆ ಹಾಕುವಂತಿಲ್ಲ). ಆ ಶುಲ್ಕ ಸೇರಿಸಿದರೆ ಇಷ್ಟು ಅಂತರವೂ ಅಳಿಸಿಹೋಗಬಹುದು. ಹರಾಜಿನ ಭಯವಿರುವ ಒಡವೆಯನ್ನು ಮೊದಲು ಮನೆಗೆ ತರಬೇಕೆಂದು ಹೆಂಗಸರು ಹಟ ಹಿಡಿದರೆ ಅದು ತಪ್ಪು ಲೆಕ್ಕವೇನಲ್ಲ.

ಐದಾರು ಚಿಲ್ಲರೆ ಸಾಲಗಳಿರುವ ಮನೆಯಲ್ಲಿ ಚಿಕ್ಕದನ್ನು ಮೊದಲು ಮುಗಿಸುವುದೂ ಒಳ್ಳೆಯ ಕ್ರಮ. ಮೊಬೈಲ್ ಕಂತು ಮುಗಿದರೆ ಆ ದುಡ್ಡು ಮಿಕ್ಸಿಯ ಕಂತಿಗೆ, ಅದು ಮುಗಿದರೆ ಸಂಘಕ್ಕೆ. ಕಟ್ಟುವ ದಿನಾಂಕಗಳು ಕಡಿಮೆಯಾದಷ್ಟೂ ತಪ್ಪಿಹೋಗುವ ಕಂತುಗಳೂ ದಂಡಗಳೂ ಕಡಿಮೆ. ಇದಕ್ಕೆ ಅಪವಾದ ಮೀಟರ್ ಬಡ್ಡಿ ಮತ್ತು ಗುರುತಿಲ್ಲದ ಆ್ಯಪ್‌ಗಳ ಸಾಲ. ಮೊತ್ತ ಎಷ್ಟೇ ಇರಲಿ, ಅವುಗಳ ಸರದಿ ಎಲ್ಲಕ್ಕಿಂತ ಮೊದಲು. ನೆಂಟರ ಕೈಗಡಕ್ಕೆ ಬಡ್ಡಿ ಇಲ್ಲವೆಂದು ಕೊನೆಗೆ ತಳ್ಳುವುದು ವಾಡಿಕೆ. ಆದರೆ ತಿಂಗಳಿಗೆ ಸಾವಿರವಾದರೂ ತಪ್ಪದೆ ಕೊಡುತ್ತಿದ್ದರೆ ಮುಖ ತಪ್ಪಿಸಿ ಓಡಾಡುವ ಪ್ರಸಂಗ ಬರುವುದಿಲ್ಲ.

ಚೀಟಿ ಎತ್ತಿ ಸಾಲ ತೀರಿಸುವುದು ಕನ್ನಡ ನಾಡಿನಲ್ಲಿ ಹಳೆಯ ರೂಢಿ. ಮೊದಲ ತಿಂಗಳುಗಳಲ್ಲಿ ಹೆಚ್ಚು ಕಸರಿಗೆ ಕೂಗಿ ಎತ್ತಿದ ಚೀಟಿಯೂ ಸಾಲವೇ, ಬಿಟ್ಟುಕೊಟ್ಟ ಮೊತ್ತವೇ ಅದರ ಬಡ್ಡಿ. ಕೊನೆಯ ತಿಂಗಳುಗಳವರೆಗೆ ಕಾಯುವವರಿಗೆ ಅದು ಉಳಿತಾಯ. 1982ರ ಚಿಟ್ ಫಂಡ್ ಕಾಯ್ದೆಯಡಿ ನೋಂದಣಿಯಾದ ಚೀಟಿಯಲ್ಲಿ ನಡೆಸುವವರ ಕಮಿಷನ್ 2019ರ ತಿದ್ದುಪಡಿಯ ನಂತರ ಶೇ 7 ಮೀರುವಂತಿಲ್ಲ. ಬೀದಿಯ ಚೀಟಿಯಲ್ಲಿ ಇಂಥ ರಕ್ಷಣೆ ಯಾವುದೂ ಇಲ್ಲ.

ಸಾಲವಿರುವಾಗ ಉಳಿತಾಯವೇಕೆ ಎಂದು ಎಲ್ಲವನ್ನೂ ಕಂತಿಗೆ ಹಾಕುವುದು ಅಪಾಯ. ಕನಿಷ್ಠ ಒಂದು ತಿಂಗಳ ಮನೆಖರ್ಚಿನಷ್ಟು ಕೈಗೆ ಸಿಗುವಂತಿರಬೇಕು, ಇಲ್ಲವಾದರೆ ಒಂದು ಜ್ವರ, ಒಂದು ಗಾಡಿ ರಿಪೇರಿ ಹೊಸ ಸಾಲ ತರುತ್ತದೆ. ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಆಸ್ಪತ್ರೆ ಚಿಕಿತ್ಸೆ ಇದೆ. ಕಾರ್ಡು ಮಾಡಿಸಿಕೊಳ್ಳಲು ಕಾಯಿಲೆ ಬರುವತನಕ ಕಾಯಬೇಕಿಲ್ಲ. ಗೃಹಲಕ್ಷ್ಮಿಯ 2,000 ರೂಪಾಯಿಯನ್ನು ತಿಂಗಳ ಖಾಯಂ ಆದಾಯದಲ್ಲಿ ಸೇರಿಸಿ ಕಂತು ಗೊತ್ತುಮಾಡಿಕೊಳ್ಳುವುದು ಮಾತ್ರ ಜಾಣತನವಲ್ಲ. ಅದರ ಜಮೆ ತಡವಾಗುವುದುಂಟು, ಕಂತಿನ ದಿನಾಂಕ ತಡೆಯುವುದಿಲ್ಲ. ಬಂದಾಗ ಅದು ನೇರವಾಗಿ ಆಪತ್ತಿನ ಹಣಕ್ಕೋ ಅಸಲಿಗೋ ಹೋಗುವುದು ಲೇಸು.

ಎಷ್ಟು ಹಿಡಿತ ಮಾಡಿದರೂ ಕಂತು ಕಟ್ಟಲಾಗದ ಕಾಲ ಬರಬಹುದು. ಕೆಲಸ ಹೋದ ತಿಂಗಳೇ ಬ್ಯಾಂಕಿಗೆ ಅರ್ಜಿ ಕೊಟ್ಟು ಅವಧಿ ವಿಸ್ತರಿಸಲು ಕೇಳಬೇಕು. ಕಂತು 90 ದಿನ ಮೀರಿ ಬಾಕಿಯಾದರೆ ಸಾಲ ವಸೂಲಾಗದ ಸಾಲಗಳ ಪಟ್ಟಿಗೆ ಸೇರುತ್ತದೆ, ಆಮೇಲೆ ಮಾತುಕತೆಗೆ ಜಾಗ ಕಡಿಮೆ. ಒಂದಿಷ್ಟು ಬಿಡಿಸಿಕೊಂಡು ರಾಜಿಯಲ್ಲಿ ಮುಗಿಸಿದ ಸಾಲ ಸಿಬಿಲ್ ವರದಿಯಲ್ಲಿ ‘ಸೆಟಲ್ಡ್’ ಎಂದು ಕಾಣುತ್ತದೆ, ಅದು ಪೂರ್ತಿ ತೀರಿಸಿದ್ದಕ್ಕೆ ಸಮವಲ್ಲ. ವಸೂಲಿ ಏಜೆಂಟರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ 2022ರಲ್ಲಿ ಸ್ಪಷ್ಟವಾಗಿ ಹೇಳಿದೆ. ದೂರಿಗೆ ಬ್ಯಾಂಕು 30 ದಿನದಲ್ಲಿ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಬಳಿ ಹೋಗಬಹುದು, ಸಹಾಯವಾಣಿ 14448. ನೋಂದಣಿಯಿಲ್ಲದೆ ಸಾಲ ಕೊಟ್ಟು ಮನೆ ಮುಂದೆ ಗಲಾಟೆ ಮಾಡುವವರಿಗೆ ಕರ್ನಾಟಕ 2025ರಲ್ಲಿ ತಂದ ಕಿರುಸಾಲ ಕಾನೂನಿನಲ್ಲಿ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡವಿದೆ.

ಕೊನೆಯ ಕಂತು ಕಟ್ಟಿದ ಮೇಲೂ ಒಂದಿಷ್ಟು ಕಾಗದದ ಕೆಲಸ ಉಳಿಯುತ್ತದೆ. ಬಾಕಿ ಇಲ್ಲವೆಂಬ ಪತ್ರವನ್ನು ಬ್ಯಾಂಕಿನಿಂದ ಬರೆಸಿಕೊಳ್ಳಬೇಕು, ಖಾತೆಯಿಂದ ಕಂತು ತಾನಾಗಿ ಕಡಿತವಾಗುವ ಅನುಮತಿಯನ್ನು ನಿಲ್ಲಿಸಬೇಕು, ಗಾಡಿಯ ಸಾಲವಾದರೆ ಆರ್‌ಟಿಒದಲ್ಲಿ ಆರ್‌ಸಿ ಮೇಲಿನ ಬ್ಯಾಂಕಿನ ಹೆಸರು ತೆಗೆಸಬೇಕು. ಎರಡು ಮೂರು ತಿಂಗಳ ನಂತರ ಸಿಬಿಲ್ ವರದಿಯಲ್ಲಿ ಆ ಸಾಲ ಮುಗಿದಿದೆಯೆಂದು ದಾಖಲಾಗಿದೆಯೇ ಎಂದು ನೋಡಬೇಕು. ವರ್ಷಕ್ಕೊಂದು ಪೂರ್ಣ ವರದಿ ಉಚಿತವಾಗಿಯೇ ಸಿಗುತ್ತದೆ.