ಬಾಯಿಗೆ ಬದಲು ಒಂದು ಕೆಂಪು ಕಾರ್ಡು

ಅಮೆರಿಕದ ವಲಸಿಗರ ನಡುವೆ ಕೈಯಿಂದ ಕೈಗೆ ದಾಟುವ ಕೆಂಪು ಕಾರ್ಡೊಂದಿದೆ. ಜೇಬಿನಲ್ಲಿ ಹಿಡಿಯುವಷ್ಟು ಚಿಕ್ಕದು. ಒಂದು ಬದಿಯಲ್ಲಿ ಹಿಡಿದವರಿಗೆ ಅವರದೇ ಭಾಷೆಯಲ್ಲಿ ಸೂಚನೆ. ಇನ್ನೊಂದು ಬದಿಯಲ್ಲಿ ಅಧಿಕಾರಿಗೆ ಇಂಗ್ಲಿಷಿನಲ್ಲಿ ಉತ್ತರ: ಮಾತನಾಡುವುದಿಲ್ಲ, ಸಹಿ ಹಾಕುವುದಿಲ್ಲ, ಶೋಧಕ್ಕೆ ಒಪ್ಪಿಗೆಯಿಲ್ಲ.

ಇಷ್ಟನ್ನು ಹೇಳಲು ಕಾರ್ಡೇಕೆ ಬೇಕಾಯಿತು? ಕಾರಣ 1984ರಲ್ಲಿದೆ. ಆ ವರ್ಷ ಡೆಲ್ಗಾಡೊ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಕಾರ್ಖಾನೆಯ ಬಾಗಿಲಲ್ಲಿ ವಲಸೆ ಅಧಿಕಾರಿಗಳು ನಿಂತು, ಒಳಗೆ ಕಾರ್ಮಿಕರನ್ನು ಪ್ರಶ್ನಿಸಿದ್ದು ಬಂಧನವೇ ಅಲ್ಲ ಎಂದಿತು. ಅಂದರೆ ಉತ್ತರಿಸದೆ ಸುಮ್ಮನಿರಬಹುದಿತ್ತಂತೆ! ಬಾಗಿಲಲ್ಲಿ ಬ್ಯಾಡ್ಜು ಕಂಡವರಿಗೆ ಹಾಗನ್ನಿಸೀತೇ? ಅದೇ ವರ್ಷದ ಲೋಪೆಜ್-ಮೆಂಡೋಜಾ ತೀರ್ಪು ಇನ್ನೂ ಕಠಿಣ. ಅಕ್ರಮವಾಗಿ ಹಿಡಿದು ಪಡೆದ ಹೇಳಿಕೆ ಕ್ರಿಮಿನಲ್ ಕೋರ್ಟಿನಲ್ಲಿ ಬಿದ್ದುಹೋದರೂ ಗಡೀಪಾರು ವಿಚಾರಣೆಯಲ್ಲಿ ಸಾಮಾನ್ಯವಾಗಿ ನಿಲ್ಲುತ್ತದೆ. ಗಾಬರಿಯಲ್ಲಿ ಹುಟ್ಟಿದ ದೇಶದ ಹೆಸರು ಹೇಳಿದರೂ ಸಾಕು, ಅದೇ ಸಾಕ್ಷ್ಯ.

2003ರಲ್ಲಿ ವಲಸೆ ಜಾರಿ ಸಂಸ್ಥೆ ‘ಐಸ್’ ಹುಟ್ಟಿತು. 2006ರ ಡಿಸೆಂಬರಿನಲ್ಲಿ ಅದು ಆರು ರಾಜ್ಯಗಳ ಸ್ವಿಫ್ಟ್ ಮಾಂಸ ಕಾರ್ಖಾನೆಗಳ ಮೇಲೆ ಒಂದೇ ದಿನ ದಾಳಿ ಮಾಡಿ ಸುಮಾರು 1,300 ಜನರನ್ನು ಹಿಡಿಯಿತು. ಮರುವರ್ಷ ಸ್ಯಾನ್ ಫ್ರಾನ್ಸಿಸ್ಕೋದ ಇಮಿಗ್ರಂಟ್ ಲೀಗಲ್ ರಿಸೋರ್ಸ್ ಸೆಂಟರ್ ಈ ಕಾರ್ಡು ರೂಪಿಸಿತು.

2025ರಲ್ಲಿ ದಾಳಿ ಬೀದಿಗೇ ಬಂತು. ಮುಖಗವುಸು ತೊಟ್ಟವರು ಅಧಿಕಾರಿಗಳೋ ಅಲ್ಲವೋ ತಿಳಿಯದ ಸ್ಥಿತಿ. ಶಿಕಾಗೋ ನಿವಾಸಿಗಳು ಸೀಟಿ ಹಂಚಿಕೊಂಡರು: ಬಿಟ್ಟುಬಿಟ್ಟು ಊದಿದರೆ ಐಸ್ ಹತ್ತಿರದಲ್ಲಿದೆ, ಉದ್ದಕ್ಕೆ ಊದಿದರೆ ಯಾರನ್ನೋ ಹಿಡಿಯುತ್ತಿದ್ದಾರೆ ಎಂದರ್ಥ. ದಾಳಿಯನ್ನು ಫೋನಿನಲ್ಲಿ ಸೆರೆಹಿಡಿಯಲೂಬಹುದು: ಬೀದಿಯಲ್ಲಿ ಪೊಲೀಸರನ್ನು ಚಿತ್ರೀಕರಿಸುವ ಹಕ್ಕನ್ನು ಬಾಸ್ಟನ್ನಿನ ಮೇಲ್ಮನವಿ ನ್ಯಾಯಾಲಯ 2011ರಲ್ಲೇ ಎತ್ತಿಹಿಡಿದಿದೆ. ಆದರೆ ದೂರ ನಿಂತು ಚಿತ್ರೀಕರಿಸಬೇಕು. ಅಡ್ಡ ಹೋದರೆ ಕೇಸು ಬೀಳುತ್ತದೆ.

ಕಾರ್ಡು ರಕ್ಷಾಕವಚವಲ್ಲ. ತೋರಿಸಿದ ಮೇಲೂ ಬಂಧಿಸಬಹುದು, ಆಗ ಕೊಸರಾಡಿದರೆ ಇನ್ನೊಂದು ಕೇಸು. ಯಾರಾದರೂ ತಡೆದರೆ ಮೊದಲು ‘ನೀವು ಯಾವ ಇಲಾಖೆ?’ ಎಂದು ಕೇಳಿ, ಆಮೇಲೆ ‘ನಾನು ಹೋಗಬಹುದೇ?’ ಎನ್ನಬೇಕು. ಹೌದೆಂದರೆ ನಿಧಾನವಾಗಿ ನಡೆದುಬಿಡಬೇಕು, ಓಡಬಾರದು. ಸುಳ್ಳು ಹೇಳುವುದು, ನಕಲಿ ಕಾಗದ ತೋರಿಸುವುದು ಮೌನಕ್ಕಿಂತ ಎಷ್ಟೋ ಅಪಾಯ.

ಅಲ್ಲಿ ಓದುವ, ಎಚ್-1ಬಿ ವೀಸಾ ಮೇಲೆ ದುಡಿಯುವ ಕನ್ನಡಿಗರ ಲೆಕ್ಕ ಸ್ವಲ್ಪ ಬೇರೆ. 18 ದಾಟಿದ ವಿದೇಶಿಯರು ನೋಂದಣಿ ದಾಖಲೆಯನ್ನು ಸದಾ ಜೊತೆಗಿಡಬೇಕೆಂದು 1952ರ ಕಾನೂನೇ ಹೇಳುತ್ತದೆ. ಕಾಗದ ಸರಿಯಿದ್ದವರು ಅದನ್ನು ತೋರಿಸುವುದೇ ಲೇಸು. ಮಕ್ಕಳು ಅಲ್ಲಿದ್ದರೆ ಈ ವಾರದ ಫೋನಿನಲ್ಲಿ ಕೇಳಿ: ನೋಂದಣಿ ದಾಖಲೆಯಾದ ಐ-94ರ ಪ್ರತಿ ಜೇಬಿನಲ್ಲಿದೆಯೇ, ವಕೀಲರ ನಂಬರು ಬಾಯಿಪಾಠವಾಗಿದೆಯೇ?