ಬೋಟ್‌ಗೆ 61 ದಿನ ರಜೆ, ಕಳ್ಳರಿಗೆ ಇಲ್ಲ: ದಕ್ಕೆಯಲ್ಲಿ ಕಟ್ಟಿದ ಬೋಟ್ ಕಾಯೋದು ಹೇಗೆ?

ಗಂಗೊಳ್ಳಿ: ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಬೋಟ್‌ಗಳು ಕಡಲಿಗೆ ಇಳಿಯುವಂತಿಲ್ಲ. 10 ಎಚ್‌ಪಿಗಿಂತ ಹೆಚ್ಚಿನ ಎಂಜಿನ್ ಇರುವ ದೋಣಿಗಳಿಗೂ ಇದೇ ನಿಯಮ. ಪರ್ಸಿನ್, ಟ್ರಾಲ್ ಬೋಟ್ ಎಲ್ಲವೂ ದಕ್ಕೆಯಲ್ಲಿ ಒಂದಕ್ಕೊಂದು ತಾಗಿಕೊಂಡು ನಿಲ್ಲುತ್ತವೆ. ಕಲಾಸಿಗಳು ಊರಿಗೆ ಹೊರಡುತ್ತಾರೆ, ತಾಂಡೇಲರು ಮನೆ ಸೇರುತ್ತಾರೆ. ಸೀಸನ್‌ನಲ್ಲಿ ಸದಾ ಜನ ಇರುತ್ತಿದ್ದ ಬೋಟ್‌ನಲ್ಲಿ ರಾತ್ರಿ ಯಾರೂ ಇರಲ್ಲ. ಮೇಲಿಂದ ಜಡಿ ಮಳೆ, ಆಗಾಗ ಕರೆಂಟ್ ಹೋಗುತ್ತದೆ. ಬೀಗ ಒಡೆದ ಸದ್ದು ಪಕ್ಕದ ಬೋಟ್‌ಗೂ ಕೇಳಿಸಲ್ಲ.

ಅಷ್ಟು ದೊಡ್ಡ ಬೋಟನ್ನು ಯಾರು ಕದೀತಾರೆ ಎಂಬ ಮಾತಿದೆ. ಹೌದು, ಬೋಟನ್ನೇ ಒಯ್ಯುವವರು ಕಡಿಮೆ. ಕಳ್ಳನಿಗೆ ಬೇಕಾದದ್ದು ಹೆಗಲ ಮೇಲೆ ಹೊತ್ತು ದಕ್ಕೆ ದಾಟಿಸಬಹುದಾದ ಮಾಲು: ಬ್ಯಾಟರಿ, ಜಿಪಿಎಸ್, ಫಿಶ್‌ಫೈಂಡರ್, ವಯರ್‌ಲೆಸ್ ಸೆಟ್, ತಾಮ್ರದ ಕೇಬಲ್, ಹಿತ್ತಾಳೆ ಸಾಮಾನು, ಟ್ಯಾಂಕಿನಲ್ಲಿ ಉಳಿದ ಡೀಸೆಲ್. ಬ್ಯಾಟರಿಯಲ್ಲಿ ಸೀಸ ಇದೆ, ಗುಜರಿಯಲ್ಲಿ ತೂಕಕ್ಕೆ ದುಡ್ಡು ಸಿಗುತ್ತದೆ. ಕಳ್ಳನಿಗೆ ಸಿಗೋದು ಸಣ್ಣ ಮೊತ್ತ, ಮಾಲೀಕನಿಗೆ ಆಗೋ ನಷ್ಟ ಅದರ ಹತ್ತಾರು ಪಟ್ಟು. ಆಗಸ್ಟ್ 1ಕ್ಕೆ ಐಸ್ ತುಂಬಿ, ಕಲಾಸಿಗಳನ್ನು ಕರೆಸಿ, ಎಂಜಿನ್ ಸ್ಟಾರ್ಟ್ ಮಾಡಲು ಹೋದಾಗ ಬ್ಯಾಟರಿಯೇ ಇಲ್ಲ ಅಂದರೆ ಸೀಸನ್‌ನ ಮೊದಲ ಟ್ರಿಪ್ಪೇ ಕೈತಪ್ಪುತ್ತದೆ. ಸಾಲದ ಕಂತು ಮಾತ್ರ ತಪ್ಪಲ್ಲ.

ಬಿಚ್ಚಿ ಒಯ್ಯಲು ಬರುವುದನ್ನೆಲ್ಲ ಮೇ ಕೊನೆಯೊಳಗೆ ಮಾಲೀಕರೇ ಬಿಚ್ಚಿ ಮನೆಗೆ ಒಯ್ಯುವುದು ಎಲ್ಲಕ್ಕಿಂತ ಗಟ್ಟಿ ಉಪಾಯ. ಜಿಪಿಎಸ್, ವಯರ್‌ಲೆಸ್, ಫಿಶ್‌ಫೈಂಡರ್‌ನ ಡಿಸ್‌ಪ್ಲೇ ಸ್ಕ್ರೂ ತೆಗೆದರೆ ಕೈಗೆ ಬರುತ್ತವೆ. ಡೀಸೆಲ್ ಖಾಲಿ ಮಾಡುವುದೂ ಒಳ್ಳೆಯದು. ಅದಕ್ಕೆ ಕಳ್ಳತನ ಒಂದೇ ಕಾರಣ ಅಲ್ಲ. 2023ರ ನವೆಂಬರ್‌ನಲ್ಲಿ ದೀಪಾವಳಿ ಹೊತ್ತಿಗೆ ಗಂಗೊಳ್ಳಿಯಲ್ಲಿ ಸಾಲಾಗಿ ನಿಂತಿದ್ದ ಬೋಟ್‌ಗಳು ಬೆಂಕಿಗೆ ಸುಟ್ಟುಹೋದದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ಒತ್ತೊತ್ತಾಗಿ ಕಟ್ಟಿದ ಬೋಟ್‌ಗಳಲ್ಲಿ ಒಂದರ ತೊಂದರೆ ಪಕ್ಕದ್ದಕ್ಕೆ ಹೋಗಲು ಹೊತ್ತು ಬೇಕಿಲ್ಲ.

ಕಷ್ಟ ಇರೋದು ಬ್ಯಾಟರಿಯಲ್ಲಿ. ಮಳೆಗಾಲದಲ್ಲಿ ಬೋಟ್ ಒಳಗೆ ನೀರು ನಿಲ್ಲುತ್ತದೆ. ಅದನ್ನು ಹೊರಹಾಕೋ ಪಂಪ್ ಬ್ಯಾಟರಿಯಿಂದಲೇ ಓಡುವಂಥದ್ದಾದರೆ ಎಲ್ಲಾ ಬ್ಯಾಟರಿ ಮನೆಗೆ ಒಯ್ಯಲು ಆಗಲ್ಲ. ಒಯ್ದರೆ ಕಳ್ಳನಿಂದ ಬಚಾವಾದ ಬೋಟ್ ನೀರು ತುಂಬಿ ಕೂರುತ್ತದೆ. ಹಳೆಯದೊಂದು ಬ್ಯಾಟರಿ ಪಂಪ್‌ಗೆ ಬಿಟ್ಟು, ಅದಕ್ಕೆ ಕಬ್ಬಿಣದ ಪಟ್ಟಿಯ ಪಂಜರ ಮಾಡಿಸಿ ತಳಕ್ಕೆ ಬೋಲ್ಟ್ ಹಾಕಿಸಬೇಕು. ಹೊಸದನ್ನೆಲ್ಲ ಮನೆಗೆ ಒಯ್ದು ಆಗಾಗ ಚಾರ್ಜ್ ಮಾಡಬೇಕು. ವೆಲ್ಡಿಂಗ್ ಶಾಪ್‌ನಲ್ಲಿ ಅರ್ಧ ದಿನದ ಕೆಲಸ. ನೀರು ನೋಡಲು ದಿನಾ ಬರುವವನು ಬೀಗವನ್ನೂ ನೋಡಿ ಹೋದರೆ ಕಾವಲು ತಾನಾಗಿಯೇ ಆಗುತ್ತದೆ. ವಾರಗಟ್ಟಲೆ ಯಾರೂ ತಿರುಗಿ ನೋಡದ ಬೋಟ್ ಯಾವುದು ಅಂತ ಕಳ್ಳನಿಗೆ ಬೇಗ ಗೊತ್ತಾಗುತ್ತದೆ.

ಕ್ಯಾಬಿನ್ ಬಾಗಿಲಿನ ವಿಷಯದಲ್ಲಿ ಬಹಳ ಜನ ದುಡ್ಡು ಹಾಕೋದು ಬೀಗಕ್ಕೆ. ಆದರೆ ಹಲವು ಕಡೆ ಬೀಗ ಗಟ್ಟಿ ಇದ್ದು, ಅದನ್ನು ಸಿಕ್ಕಿಸಿದ ಪಟ್ಟಿ ನಾಲ್ಕು ಸ್ಕ್ರೂ ಮೇಲೆ ನಿಂತಿರುತ್ತದೆ. ಸ್ಕ್ರೂ ಡ್ರೈವರ್ ಇದ್ದರೆ ಬೀಗ ಮುಟ್ಟುವ ಅಗತ್ಯವೇ ಇಲ್ಲ. ಸ್ಕ್ರೂ ಬದಲು ಆರುಪಾರು ಬೋಲ್ಟ್ ಹಾಕಿ ನಟ್ ಒಳಗಡೆ ಬರುವಂತೆ ಬಿಗಿಸಿದರೆ ಹೊರಗಿನಿಂದ ಬಿಚ್ಚಲು ಬರಲ್ಲ. ಕಬ್ಬಿಣದ ಬೀಗಕ್ಕೆ ಉಪ್ಪುಗಾಳಿಯಲ್ಲಿ ಆಯುಷ್ಯ ಕಡಿಮೆ. ಹಿತ್ತಾಳೆ ಅಥವಾ ಸ್ಟೀಲ್ ಬೀಗ ತಂದು ಗ್ರೀಸ್ ಹಚ್ಚಿಡಬೇಕು. ಎಂಜಿನ್ ರೂಮಿನ ಮುಚ್ಚಳಕ್ಕೂ ಇದೇ ಕ್ರಮ.

ನಾಡದೋಣಿಯವರ ಪಾಡು ಬೇರೆ. ಔಟ್‌ಬೋರ್ಡ್ ಎಂಜಿನ್ ದೋಣಿಯ ಹಿಂಬದಿಗೆ ಎರಡು ತಿರುಗಣೆಯಲ್ಲಿ ಕೂತಿರುತ್ತದೆ. ತಿರುಗಣೆಗೆ ಹಾಕುವ ಲಾಕ್ ಸಿಗುತ್ತದೆ, ಹಾಕಲೇಬೇಕು. ಆದರೂ ಇಬ್ಬರು ಸೇರಿ ಮನೆಗೆ ಹೊತ್ತು ತರುವುದಕ್ಕೆ ಸಮ ಇಲ್ಲ. ಎಂಜಿನ್ ನಂಬರ್ ಇರುವ ತಗಡನ್ನು ಕಿತ್ತುಹಾಕಬಹುದು. ಹಾಗಾಗಿ ದೋಣಿಯ ನೋಂದಣಿ ಸಂಖ್ಯೆಯನ್ನು ಎಂಜಿನ್‌ನ ಬ್ರಾಕೆಟ್ ಮೇಲೂ ಪಂಚ್ ಮಾಡಿಸಿಡಬೇಕು.

ಒಂದು ನೋಟ್‌ಬುಕ್ ಕೆಲಸವೂ ಇದೆ. ಬ್ಯಾಟರಿ, ಎಂಜಿನ್, ಜಿಪಿಎಸ್ ಎಲ್ಲದರ ಸೀರಿಯಲ್ ನಂಬರ್ ಬರೆದು, ಮೊಬೈಲ್‌ನಲ್ಲಿ ಫೋಟೊ ತೆಗೆದು, ಬಿಲ್ ಜೊತೆ ಮನೆಯಲ್ಲಿ ಇಡಬೇಕು. ಬೋಟ್ ಒಳಗೆ ಇಟ್ಟರೆ ಅದೂ ಹೋಗುತ್ತದೆ. ಬ್ಯಾಟರಿಯ ಮೈಮೇಲೆ ಬೋಟ್ ನಂಬರ್ ಕೆತ್ತಿದ್ದರೆ ಗುಜರಿಗೆ ಹೋದರೂ ಗುರುತು ಸಿಗುತ್ತದೆ. ಬೋಟ್‌ಗೆ ವಿಮೆ ಇದ್ದವರು, ಒಳಗಿನ ಸಾಮಾನು ಕಳುವಾದರೆ ಪರಿಹಾರ ಇದೆಯಾ ಅಂತ ಏಜೆಂಟರಿಂದ ಈಗಲೇ ಬರಹದಲ್ಲಿ ಕೇಳಿ ಪಡೆಯಬೇಕು. ಕಳುವಾದ ಮೇಲೆ ಕೇಳಿದರೆ ಪ್ರಯೋಜನ ಇಲ್ಲ.

ಗುಜರಿ ಅಂಗಡಿಯವರು, ಬ್ಯಾಟರಿ ಅಂಗಡಿಯವರು, ಎಂಜಿನ್ ರಿಪೇರಿಯವರೂ ಇದನ್ನು ಓದಬೇಕು. ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಂ ಕಳ್ಳತನಕ್ಕಾದರೆ, 317ನೇ ಕಲಂ ಕದ್ದ ಮಾಲು ಕೊಳ್ಳುವವರಿಗೆ. ಕದ್ದದ್ದು ಅಂತ ಗೊತ್ತಿದ್ದೂ, ಅಥವಾ ಹಾಗೆ ಅನ್ನಿಸಲು ಕಾರಣ ಇದ್ದೂ ಕೊಂಡರೆ 3 ವರ್ಷದವರೆಗೆ ಜೈಲು, ದಂಡ ಅಥವಾ ಎರಡೂ ಆಗಬಹುದು. ನಿಷೇಧದ ಸಮಯದಲ್ಲಿ ಅಪರಿಚಿತ ಹುಡುಗರು ಬೆಳಿಗ್ಗೆ ಬೆಳಿಗ್ಗೆ ಬೋಟ್‌ನ ಬ್ಯಾಟರಿ ತಂದು ಅರ್ಧ ರೇಟಿಗೆ ಕೊಡುತ್ತಾರೆ ಅಂದರೆ, ನನಗೆ ಗೊತ್ತಿರಲಿಲ್ಲ ಅನ್ನೋದು ಠಾಣೆಯಲ್ಲಿ ನಡೆಯುವುದು ಕಷ್ಟ. ಯಾರು ತಂದರು, ಫೋನ್ ನಂಬರ್ ಏನು, ಯಾವ ಬೋಟಿನದ್ದು ಅಂತ ರಿಜಿಸ್ಟರ್‌ನಲ್ಲಿ ಬರೆದುಕೊಳ್ಳಲು ಎರಡು ನಿಮಿಷ ಸಾಕು. ಊರಲ್ಲಿ ಕೊಳ್ಳುವವರೇ ಇಲ್ಲದಿದ್ದರೆ ಭಾರದ ಬ್ಯಾಟರಿ ಹೊತ್ತು ಕಳ್ಳ ಎಲ್ಲಿಗೆ ಹೋಗ್ತಾನೆ?

ರಾತ್ರಿ ಕಾವಲಿಗೆ ಒಬ್ಬೊಬ್ಬರೇ ಜನ ಇಡುವುದು ದುಬಾರಿ. ಒಂದು ಸಾಲಿನ ಬೋಟ್‌ನವರೆಲ್ಲ ಸೇರಿ ಹಣ ಹಾಕಿದರೆ ಹೊರೆ ಹಗುರ. ಕಾವಲಿನವನು ದಕ್ಕೆ ಮೇಲಷ್ಟೇ ನಡೆದರೆ ಸಾಲದು, ನದಿ ಕಡೆಗೂ ಟಾರ್ಚ್ ಬಿಡಬೇಕು. ಸಣ್ಣ ದೋಣಿಯಲ್ಲಿ ಆ ಕಡೆಯಿಂದ ಬಂದರೆ ದಕ್ಕೆಯ ಸಿಸಿ ಕ್ಯಾಮೆರಾಗೆ ಕಾಣಿಸಲ್ಲ.

ಬೀಗ ಒಡೆದದ್ದು ಕಂಡರೆ ಒಳಗೆ ಹತ್ತಿ ಸರಿಪಡಿಸಲು ಹೋಗಬಾರದು, ಬೆರಳಚ್ಚು ಅಳಿಸುತ್ತದೆ. ಹೊರಗಿನಿಂದ ಫೋಟೊ ತೆಗೆದು 112ಕ್ಕೆ ಕರೆ ಮಾಡಬೇಕು. ಕರಾವಳಿ ಕಾವಲು ಪೊಲೀಸರ ಸಹಾಯವಾಣಿ 1093. ಬೋಟ್ ಅಥವಾ ದೋಣಿಯೇ ಕಾಣೆಯಾದರೆ ಒಂದು ಗಂಟೆಯೂ ಕಾಯಬಾರದು. 2008ರ ಮುಂಬೈ ದಾಳಿಕೋರರು ಬಂದದ್ದು ಗುಜರಾತಿನ ಮೀನುಗಾರರಿಂದ ಕಸಿದುಕೊಂಡ ಕುಬೇರ್ ಎಂಬ ಬೋಟ್‌ನಲ್ಲಿ. ಫೋನ್ ಅಥವಾ ಆನ್‌ಲೈನ್‌ನಲ್ಲಿ ದೂರು ಕೊಟ್ಟವರು 3 ದಿನದೊಳಗೆ ಠಾಣೆಗೆ ಹೋಗಿ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿ ಉಚಿತ, ಕೇಳಿ ಪಡೆಯಿರಿ. ದೂರಿನಲ್ಲಿ ಬ್ಯಾಟರಿ ಕಳುವಾಗಿದೆ ಅಂತಷ್ಟೇ ಬರೆಸದೆ ಕಂಪನಿ, ಸೀರಿಯಲ್ ನಂಬರ್, ಕೆತ್ತಿದ ಗುರುತು ಎಲ್ಲಾ ಬರೆಸಿ. ಮಾಲು ಸಿಕ್ಕಿದಾಗ ಕೋರ್ಟಿನಿಂದ ಬಿಡಿಸಿಕೊಳ್ಳಲು ಬೇಕಾಗುವುದು ಅದೇ.